ಫಿಟ್ಸಿಗೆ ಕಾದವರು

ಇಷ್ಟು ವರ್ಷ ಕರೆಯದೆ ಬರುತ್ತಿದ್ದ ನನ್ನ ಫಿಟ್ಸು, ನಾನೇ ಆಸ್ಪತ್ರೆಗೆ ಸೇರಿ, ಮಾತ್ರೆ ನಿಲ್ಲಿಸಿ, ತಲೆತುಂಬ ವೈರು ಅಂಟಿಸಿಕೊಂಡು, ಕ್ಯಾಮೆರಾದ ಮುಂದೆ ಮಲಗಿ ‘ಬಾ’ ಅಂದರೆ ಪತ್ತೆಯೇ ಇಲ್ಲ. ಮದುವೆ ಮಾತುಕತೆಗೆ ಕೂತಾಗ, ಕೆಲಸದ ಇಂಟರ್‌ವ್ಯೂನಲ್ಲಿ, ಲಿಫ್ಟಿನಲ್ಲಿ, ಆಗೆಲ್ಲ ಹೇಗೆ ಹಾಜರಾಗುತ್ತಿದ್ದಳು ಮಹಾರಾಯ್ತಿ!

ಡಾಕ್ಟರ ಲೆಕ್ಕ ಸರಳ. ಫಿಟ್ಸು ಶುರುವಾದ ಕೂಡಲೇ ನರ್ಸ್ ಒಂದು ಔಷಧಿ ಚುಚ್ಚಬೇಕು. ಅದು ಮಿದುಳಿನಲ್ಲಿ ಫಿಟ್ಸು ಹುಟ್ಟುವ ಜಾಗಕ್ಕೆ ಓಡಿಹೋಗಿ ಕೂರುತ್ತದೆ. ಸ್ಕ್ಯಾನಿನಲ್ಲಿ ಆ ಜಾಗ ಬೆಳಗುತ್ತದೆ. ಜಾಗ ಸಿಕ್ಕರೆ ಆಪರೇಷನ್, ಸಿಗದಿದ್ದರೆ ಮತ್ತೆ ಅದೇ ಮಾತ್ರೆ. ನನಗೆ ಬೇಕಾಗಿದ್ದು ದೊಡ್ಡದೇನಲ್ಲ, ಚಿಲಕ ಹಾಕಿಕೊಂಡು ಸ್ನಾನ ಮಾಡಬೇಕು. ಮೂವತ್ತು ದಾಟಿದವಳು ಬಚ್ಚಲಿನಿಂದ ‘ಇದೀನಮ್ಮಾ, ಇದೀನಿ’ ಅಂತ ಕೂಗಿ ಕೂಗಿ ಸಾಕಾಗಿಹೋಗಿತ್ತು.

ಅಮ್ಮ ಮಂಚದ ಪಕ್ಕ ಕೂತು, “ಇನ್ನೂ ಬರ್ಲಿಲ್ವೇನೇ?” ಅಂತ ನೆಂಟರಿಗೆ ಕಾದಂತೆ ಕಾಯುತ್ತಿದ್ದಳು.

“ಬಂದ್ರೆ ಆ ಬೆಲ್ ಒತ್ತಬೇಕು, ಗೊತ್ತಲ್ಲ?”

“ಎಷ್ಟು ಸಲ ಹೇಳ್ತೀಯೇ! ನಾನೇನು ಮಗೂನಾ?”

ಮಧ್ಯಾಹ್ನ ನನಗೆ ಎಚ್ಚರವಾದಾಗ ಕಚ್ಚಿಕೊಂಡ ನಾಲಿಗೆ ಉರಿಯುತ್ತಿತ್ತು. ಸದ್ಯ, ಬಂದುಹೋಗಿದೆ! ಖುಷಿಯಾಗಿ ಎದ್ದು ಕೂತೆ. ಔಷಧಿ ತುಂಬಿದ ಸಿರಿಂಜು ಮಾತ್ರ ಟ್ರೇಯಲ್ಲೇ ಇತ್ತು, ಡಾಕ್ಟರ ಮುಖ ಗಂಟಾಗಿತ್ತು.

ವಿಡಿಯೊ ತೋರಿಸಿದರು. ನನ್ನ ಕಣ್ಣು ಒಂದು ಕಡೆ ನೆಟ್ಟದ್ದೇ ತಡ, ಅಮ್ಮ ತಟ್ಟನೆ ಎದ್ದಳು. ಬೆಲ್ಲಿನ ಕಡೆ ನೋಡಲೇ ಇಲ್ಲ. ಹೊದಿಕೆಯನ್ನು ನನ್ನ ತಲೆವರೆಗೆ ಎಳೆದು, ಕ್ಯಾಮೆರಾಕ್ಕೆ ಬೆನ್ನು ಕೊಟ್ಟು ಅಡ್ಡ ನಿಂತಳು. ಮಾನಿಟರ್ ನೋಡಿ ಓಡಿಬಂದ ನರ್ಸಿಗೆ ನಗುನಗುತ್ತಾ, “ಏನಿಲ್ಲ ಸಿಸ್ಟರ್, ನಿದ್ದೆ ಮಾಡ್ತಿದ್ದಾಳೆ. ಆಮೇಲೆ ಬನ್ನಿ” ಅಂದಳು. ಮನೆಗೆ ಬಂದವರಿಗೆಲ್ಲ ಇಷ್ಟು ವರ್ಷ ಹೇಳಿದ್ದ ಅದೇ ಮಾತು. ನರ್ಸ್ ಅವಳನ್ನು ಸರಿಸಿ ಮಂಚದ ಹತ್ತಿರ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. “ಅಮ್ಮಾ, ಇವರಿಗೆ ತೋರಿಸೋಕೇ ಅಲ್ವಾ ಬಂದಿರೋದು! ಇವರಿಂದಲೂ ಮುಚ್ಚಿಡ್ತೀಯಲ್ಲ!”

“ಹೋಗ್ಲಿ ಬಿಡಿ,” ಅಂದರು ಡಾಕ್ಟರು ಅಮ್ಮನಿಗೆ. “ಇಷ್ಟು ವರ್ಷ ಪಕ್ಕದಲ್ಲೇ ಇದ್ದೀರಿ. ಮೊದಲು ಯಾವ ಕೈ ಸೆಟೆಯುತ್ತೆ, ಕತ್ತು ಯಾವ ಕಡೆ ತಿರುಗುತ್ತೆ, ಅದನ್ನಾದ್ರೂ ಹೇಳಿ.”

“ನಾನು ನೋಡಿಲ್ಲ ಡಾಕ್ಟ್ರೇ,” ಅಂದಳು ಅಮ್ಮ. “ಯಾವತ್ತೂ ನೋಡಿಲ್ಲ. ಇವಳಿಗೆ ಬಂದಾಗೆಲ್ಲ ನಾನು ಬಾಗಿಲು ನೋಡ್ತಿದ್ದೆ. ಯಾರಾದ್ರೂ ಬಂದುಬಿಟ್ರೆ ಅಂತ.”

ಈ ಪರೀಕ್ಷೆಗೆ ನಮಗೆ ಕೊಟ್ಟಿದ್ದ ದಿನ ಮುಗಿದಿತ್ತು. ಇನ್ನೊಂದು ಸರದಿ ಸಿಗುವುದು ಯಾವಾಗಲೋ. ನರ್ಸ್ ವೈರು ಬಿಚ್ಚತೊಡಗಿದಳು. ಅಮ್ಮ ನನ್ನ ಕೂದಲಿಗೆ ಮೆತ್ತಿದ್ದ ಅಂಟು ಒರೆಸುತ್ತಾ ಮೆಲ್ಲಗೆ ಕೇಳಿದಳು.

“ಅದು ಬಂದಾಗ ನೋವಾಗುತ್ತೇನೇ?”

“ಗೊತ್ತಿಲ್ಲಮ್ಮ. ಆಗ ನಾನಿರಲ್ಲ. ನೀನೇ ನೋಡಿ ಹೇಳ್ಬೇಕು.”