ಹುಳದ ಮನೆಯಲ್ಲಿ ಅಳಬಾರದು

"ಯಾವಳೇ ಅವ್ಳು ಈರುಳ್ಳಿ ಹುರಿದವ್ಳು? ಮೂಗಿಲ್ವೇನೇ ಮುಂಡೇದೇ? ಹುಳ ಹಣ್ಣಾಗೋ ಹೊತ್ನಾಗೆ ಒಗ್ಗರಣೆ ಹಾಕ್ತಾಳಂತೆ ಒಗ್ಗರಣೆ! ನಿನ್ ಮನೆ ಕಾಯ್ವಾಗ!"

ಇಷ್ಟನ್ನೂ ರೇಷ್ಮೆ ಕಂಪನಿಯ ಮೇಸ್ತ್ರಿ ಸೋಬಿರ್ ಪಿಸುದನಿಯಲ್ಲೇ ಬೈದ. ಮೇ ತಿಂಗಳಲ್ಲಿ ನಮ್ಮ ಫರ್ಗಾನಾ ಕಣಿವೆಯ ಕಡೆ ಬೈಗುಳವೂ ಪಿಸುದನಿಯಲ್ಲೇ ಬರುತ್ತದೆ. ಗೋಡೆಯ ಆಚೆ ಗೂಡು ಕಟ್ಟಲು ಹಣ್ಣಾಗುವ ರೇಷ್ಮೆ ಹುಳು ಇರುತ್ತದಲ್ಲ, ಅದಕ್ಕೆ ಸದ್ದಾಗದು, ವಾಸನೆಯಾಗದು, ಥಂಡಿಯಾಗದು. ಬಾಣಲೆಯನ್ನು ಒದೆಯುವಷ್ಟು ಸಿಟ್ಟು ಸೋಬಿರ್‌ಗೆ ಬಂದಿತ್ತು. ಒದ್ದರೆ ಸದ್ದಾಗುತ್ತದೆ. ಅದಕ್ಕೇ ಎರಡೂ ಕೈಯಿಂದ ಎತ್ತಿ, ಕೂಸನ್ನು ಮಲಗಿಸುವವನಂತೆ ಬಗ್ಗಿ, ನನ್ನ ಅತ್ತೆಗೆಂದು ಮಾಡಿದ್ದ ಸಾರನ್ನು ಮೆಲ್ಲಗೆ ಅಂಗಳದ ಒಲೆಯ ಬೂದಿಯ ಮೇಲೆ ಸುರಿದ.

"ಅತ್ತೆಗೆ ಎದೆ ಕಟ್ಟೈತೆ ಸೋಬಿರಣ್ಣ. ಈರುಳ್ಳಿ ಸಾರು ಬಿಸಿಬಿಸಿ ಕುಡುದ್ರೆ ಕಫ ಕರಗ್ತದೆ ಅಂತ..."

"ನಿಮ್ಮತ್ತೆ ಎದೆ ನೋಡ್ಕಂಡ್ರೆ ಗೂಡಿನ್ ತೂಕ ಯಾರ್ ನೋಡ್ತಾರೆ, ನಿಮ್ಮಪ್ಪನಾ?"

ಹೋಗುವಾಗ ಬಾಗಿಲನ್ನು ಸದ್ದಿಲ್ಲದೆ ಮುಂದೆ ಮಾಡಿಕೊಂಡು ಹೋದ, ಮರ್ಯಾದಸ್ಥ!

ನಾವು ಉಳುವ ಹೊಲ ಕಂಪನಿಯ ಗೇಣಿಯದು. ಹೊಲ ಉಳಿಯಬೇಕೆಂದರೆ ಪ್ರತಿ ವಸಂತದಲ್ಲಿ ಹುಳುವಿನ ಮೊಟ್ಟೆಯ ಡಬ್ಬಿ ತೆಗೆದುಕೊಂಡು, ಸಾಕಿ, ಗೂಡು ಕಟ್ಟಿಸಿ ಕೊಡಬೇಕು. ನಮ್ಮ ಮನೆಯಲ್ಲಿರುವುದು ಎರಡು ಕೋಣೆ, ಒಲೆ ಇರುವುದು ಒಂದರಲ್ಲಿ. ಒಂದು ಡಬ್ಬಿಗೇ ಸೊಪ್ಪು ಸಾಲದು. ಸೋಬಿರ್ ಎರಡು ಡಬ್ಬಿ ಇಳಿಸಿ ಹೋದ. ಎಷ್ಟು ಡಬ್ಬಿ ಇಳಿಸಿದನೋ ಅಷ್ಟಕ್ಕೆ ಅವನಿಗೆ ಇನಾಮು. ಆಮೇಲೆ ಗೂಡಿನ ತೂಕ ಕಡಿಮೆಯಾದರೆ ಅವನ ಮೇಸ್ತ್ರಿಗಿರಿಗೆ ಸಂಚಕಾರ. ಹೀಗಾಗಿ ಏಪ್ರಿಲ್‌ನಲ್ಲಿ ನಗುನಗುತ್ತ ಡಬ್ಬಿ ಹೊತ್ತು ಬಂದ ಮನುಷ್ಯನೇ ಮೇ ತಿಂಗಳಲ್ಲಿ ಹುಚ್ಚುನಾಯಿಯ ಹಾಗೆ ಮನೆಮನೆ ತಿರುಗುತ್ತಾನೆ. ಎರಡೂ ಕೋಣೆಗೆ ಹುಳುವಿನ ಅಟ್ಟಣೆ ಹಾಕಿದೆವು. ಗಂಡ ಎರ್ಗಾಶ್ ಮತ್ತು ನಾನು ಅಂಗಳದ ಜಗಲಿಯ ಮೇಲೆ ಮಲಗಿದೆವು. ಅತ್ತೆ ಖೋಲ್ಬುವಿಯ ಹಾಸಿಗೆ ನಾನ್ ರೊಟ್ಟಿ ಸುಡುವ ತಂದೂರಿನ ಚಪ್ಪರಕ್ಕೆ ಹೋಯಿತು. ಏಪ್ರಿಲ್ ಕೊನೆಯಲ್ಲಿ ಮೂರು ದಿನ ಬಿಡದೆ ಹೊಡೆದ ಮಳೆ ಚಪ್ಪರದ ಸಂದಿಯಿಂದ ಅವಳ ಕೌದಿಯ ಮೇಲೇ ಇಳಿಯಿತು. ಒಳಗೆ ಹುಳುಗಳು ಒಲೆಯ ಬಿಸುಪಿನಲ್ಲಿ ಮೇಯುತ್ತಿದ್ದವು.

ಈರುಳ್ಳಿಯ ಸುದ್ದಿ ಸೋಬಿರ್‌ಗೆ ಮುಟ್ಟಿಸಿದವಳು ಯಾರೆಂದು ನನಗೆ ಗೊತ್ತಿತ್ತು. ಪಕ್ಕದ ಮನೆಯ ಹುರ್ಮತ್. ಅವಳಿಗೂ ನನಗೂ ಒಂದೇ ಗೋಡೆ. ಮೊದಲು ಹಿಂಗಿರಲಿಲ್ಲ. ಕಂಪನಿಯವರು ನಮ್ಮ ಗೂಡು ತೂಗುವಾಗ, ಹಸಿ ಜಾಸ್ತಿ ಇದೆಯೆಂದು ತೂಕದಲ್ಲಿ ಕತ್ತರಿಸುತ್ತಿದ್ದರು. ಕತ್ತರಿಸುತ್ತಾರಲ್ಲ ಎಂದು ಯಾರೋ ಗೂಡಿಗೆ ನೀರು ಚಿಮುಕಿಸಿದರು. ಚಿಮುಕಿಸುತ್ತಾರೆಂದು ಅವರು ಇನ್ನಷ್ಟು ಕತ್ತರಿಸಿದರು. ಕೊನೆಗೆ ನನ್ನ ಅತ್ತೆಯಂಥ ದೇವರಿಗಂಜುವವಳೂ ಬಾಯಲ್ಲಿ ನೀರು ತುಂಬಿಕೊಂಡು ಗೂಡಿನ ಮೇಲೆ ಉಗುಳಿದಳು, ಉಗುಳಿ ಅತ್ತಳು. ಆಮೇಲೆ ಕಂಪನಿ ಮನೆಗೊಂದು ಅಗ್ರಿಮೆಂಟು ಬಿಟ್ಟು ಬೀದಿಗೊಂದು ಮಾಡಿತು. ಒಂದು ಮನೆಯ ಗೂಡು ಕೆಟ್ಟರೆ ಇಡೀ ಬೀದಿಗೆ ದರ ಇಳಿಯುತ್ತದೆ. ಅಂದಿನಿಂದ ಕಂಪನಿಗೆ ಕಾವಲುಗಾರರೇ ಬೇಕಾಗಲಿಲ್ಲ. ನಾವೇ ಇದ್ದೆವಲ್ಲ, ಒಬ್ಬರ ಒಲೆಯ ವಾಸನೆಯನ್ನು ಇನ್ನೊಬ್ಬರು ಮೂಸಿಕೊಂಡು.

ಖಾಲಿ ಬಾಣಲೆ ಹಿಡಿದು ಚಪ್ಪರಕ್ಕೆ ಹೋದೆ. ಅತ್ತೆ ಕೌದಿಯೊಳಗಿಂದ ಮುಖ ಹೊರಗೆ ಹಾಕಿದಳು. ಉಸಿರು ಎಳೆದರೆ ಎದೆಯೊಳಗೆ ಗರಗರ ಸದ್ದು.

"ಸಾರು ಏನಾಯ್ತೇ ಸನೋಬರ್?"

"ಬೂದಿ ಕುಡೀತು ಅತ್ತೆ."

"ಕುಡೀಲಿ ಬುಡು. ಅದ್ಕಾದ್ರೂ ಕಫ ಕರಗ್ಲಿ."

ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ಬಂದ ತಕ್ಷಣ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಸಾಯುವ ಮುದುಕಿ ಹುಳುವಿಗೆ ಕೇಳಿಸದ ಹಾಗೆ ಕೆಮ್ಮುತ್ತಿದ್ದಳು.

"ಕೆಮ್ಮಿ ಅತ್ತೆ. ಜೋರಾಗ್ ಕೆಮ್ಮಿ. ಹಾಳಾಗ್ ಹೋಗ್ಲಿ."

"ಅಭ್ಯಾಸ ಕಣೇ." ಸೆರಗು ತೆಗೆದು ಸುಧಾರಿಸಿಕೊಂಡಳು. "ನನ್ ದೊಡ್ಡ್ ಮಗ ಕಾಲ್ವೇಗ್ ಬಿದ್ದನಲ್ಲ, ಆವಾಗ್ಲೂ ಹುಳ ಗೂಡು ಕಟ್ತಿತ್ತು. ಕಂಪ್ನಿ ಇರ್ಲಿಲ್ಲ, ಸರ್ಕಾರ್ದ್ ಹುಳ. ಊರ್ ಯಜಮಾನ ಬಂದು ಬೆರಳು ಮುಟ್ಟಿಸ್ದ ತುಟಿಗೆ. ಹುಳದ್ ಮನೇಲಿ ಅಳಬಾರ್ದಮ್ಮ ಅಂದ. ನಾನು ಬಟ್ಟೆ ಕಚ್ಕಂಡು ಕೂತೆ. ಗೂಡು ಬಿಡಿಸಿದ್ಮೇಕೆ ಅಳವ ಅಂತ ಕೂತ್ರೆ, ಅಳೂನೇ ಬರ್ಲಿಲ್ಲ. ಎಲ್ಲೋ ಒಳಗೇ ಕುಂತ್ಬುಡ್ತು."

ಹದಿನೆಂಟು ವರ್ಷ ಅವಳೊಂದಿಗೆ ಬಾಳಿದ್ದೆ, ಈ ಮಾತು ಅವಳ ಬಾಯಿಂದ ಬಂದಿರಲಿಲ್ಲ. ನನಗೆ ಮಾತ್ರ ಅದೇ ಪಾಠ ಕಲಿಸಿದ್ದಳು: ಹುಳದ ಮನೆಯಲ್ಲಿ ಅಳಬಾರದು.

"ಹುಳ ಯಾವಾಗ ಇಳೀತದೆ?"

"ಹತ್ತೇ ದಿನ ಅತ್ತೆ. ಗೂಡು ಬಿಡಿಸಿದ್ ದಿನ್ವೇ ಕ್ವಾಣೆ ತೊಳ್ದು ನಿಮ್ ಹಾಸ್ಗೆ ಹಾಕ್ತೀನಿ."

"ಹುಳಕ್ಕೈತೆ ಹತ್ ದಿನ, ನಂಗೆಲ್ಲೈತೆ?" ನನ್ನ ಮಣಿಕಟ್ಟು ಹಿಡಿದುಕೊಂಡಳು. "ಒಂದ್ ಮಾತ್ ಕೊಡು. ನಾ ಹೋದಾಗ ಒಲೆ ಕ್ವಾಣೆಲಿ ಮಲಗ್ಸು, ನನ್ ಕಿಟ್ಕಿ ಕೆಳ್ಗೆ. ಮದ್ವೆಯಾಗಿ ಬಂದಾಗ ಅಲ್ಲೇ ಕೂತಿದ್ದೆ. ಆಮೇಲೆ ಬಾಯ್ಬುಟ್ಟು ಅಳು. ಬಟ್ಟೆ ಕಚ್ಬ್ಯಾಡ."

"ನಿಮ್ಮಂಥ ಅತ್ತೆಗೆ ಅಳ್ಬೇಕಂದ್ರೆ ಕಣ್ಣೀರ್ನ ಸಾಲ ತರ್ಬೇಕು."

"ತತ್ತಾ, ಏನೀಗ? ಹೊಸ್ದಾಗ್ ಬಂದಾಗ ರೊಟ್ಟಿ ಸುಡಕ್ ಬರ್ದೆ ಬೀದಿಗೆಲ್ಲ ಕೇಳಂಗೆ ಅತ್ತಿದ್ದಲ್ಲ, ಅಂಗೇ ಅಳು. ಸಾಕು."

ಮಾತು ಕೊಟ್ಟೆ.

ಅದಾದ ನಾಲ್ಕನೆಯ ಬೆಳಿಗ್ಗೆ ಹುಳುಗಳು ಒಣಕಡ್ಡಿಯ ಕಟ್ಟುಗಳನ್ನು ಹತ್ತಿ ನೂಲು ಬಿಡತೊಡಗಿದವು. ನಾನು ಚಹಾ ತೆಗೆದುಕೊಂಡು ಚಪ್ಪರಕ್ಕೆ ಹೋದಾಗ ಅತ್ತೆಯ ಎದೆಯಲ್ಲಿ ಗರಗರ ಇರಲಿಲ್ಲ. ಸೆರಗಿನ ತುದಿ ಹಲ್ಲಿನ ನಡುವೆಯೇ ಇತ್ತು. ಬಿಡಿಸಿದೆ. ಎರ್ಗಾಶ್ ಓಡಿ ಬಂದ, ಮಂಡಿಯೂರಿ ಕೂತ, ಬಾಯಿ ತೆರೆದ. ಅವನದೇ ಕೈ ಎದ್ದು ಬಂದು ಆ ಬಾಯನ್ನು ಮುಚ್ಚಿತು. ಐವತ್ತರ ಹತ್ತಿರದ ಗಂಡಸು, ಬಾಯಿ ಮುಚ್ಚಿಕೊಂಡು ಮುಂದಕ್ಕೂ ಹಿಂದಕ್ಕೂ ತೂಗಾಡಿದ.

ಸೋಬಿರ್ ಬಂದ. ಅಂಗೈ ಎತ್ತಿ ಪ್ರಾರ್ಥಿಸಿ ಮುಖ ಸವರಿಕೊಂಡ. ಅವನ ಕಣ್ಣೂ ಒದ್ದೆಯಾಗಿತ್ತು, ಸುಳ್ಳೇಕೆ ಹೇಳಲಿ.

"ಚಿಕ್ಕೋನಿದ್ದಾಗ ನಂಗೂ ಬಿಸಿ ರೊಟ್ಟಿ ಕೊಟ್ಟ ಕೈ ಅದು," ಎಂದ. ಮೂಗು ಒರೆಸಿಕೊಂಡು ಎರ್ಗಾಶ್‌ನ ಪಕ್ಕ ಕೂತ. "ಈಗ ನೋಡಪ್ಪ. ಇಡೀ ಬೀದೀಲಿ ಹುಳ ನೂಲು ಬುಟ್ಟೈತೆ. ಅತ್ತು ಕರೆದು ಮಾಡಿದ್ರೆ ನೂಲು ಕಡೀತದೆ, ಮನೆಮನೇಲೂ ಕಡೀತದೆ. ಇಲ್ಲೇ ಚಪ್ಪರದಾಗೆ ತೊಳ್ದು, ಹಿಂದ್ಲ ಬಾಗ್ಲಾಗೆ ತಕಂಡ್ ಹೋಗ್ಬುಡಿ. ಗೂಡು ಬಿಡಿಸಿದ್ಮೇಕೆ ಎಷ್ಟ್ ದಿನ ಬೇಕಾದ್ರೂ ಅಳ್ರಿ, ಯಾವನ್ ಬ್ಯಾಡಂದಾನು? ಇವತ್ತೊಂದ್ ದಿನ ಬಾಯ್ ಮುಚ್ಕಂಡ್ರೆ ನಿಮ್ ಗೂಡಿಗೆ ಮೊದಲ್ನೇ ದರ್ಜೆ ನಾನೇ ಬರೆಸ್ತೀನಿ."

"ಅತ್ರೆ?" ಎಂದ ಎರ್ಗಾಶ್.

"ಅತ್ರೆ ಹಂಗೇ ಹೊಲಕ್ಕೂ ಸೇರ್ಸಿ ಅತ್ಬುಡು."

ಎರ್ಗಾಶ್ ನೆಲ ನೋಡಿದ. ಅವನನ್ನು ನಾನು ಬೈಯಲಾರೆ. ಆ ಹೊಲದ ಕಾಲುವೆಯನ್ನು ಅವನೂ ಅವನಪ್ಪನೂ ಗುದ್ದಲಿ ಹಿಡಿದು ತೋಡಿದ್ದು. ಅವನು ಎದ್ದು ಸೊಂಟಕ್ಕೆ ಪಟ್ಟಿ ಬಿಗಿದು, ಕೋಲು ಹಿಡಿದು, ಸಾವಿನ ಮನೆಯ ಗಂಡಸಿನ ಹಾಗೆ ಹೆಬ್ಬಾಗಿಲಲ್ಲಿ ಹೋಗಿ ನಿಂತ. ಬೀದಿಯ ಗಂಡಸರು ಒಬ್ಬೊಬ್ಬರಾಗಿ ಬಂದು ಅವನ ಪಕ್ಕ ನಿಂತರು, ಅವರೂ ಪಟ್ಟಿ ಬಿಗಿದು, ಕೋಲು ಊರಿ. ಬೇರೆ ಕಾಲದಲ್ಲಾದರೆ "ನನ್ನವ್ವಾ!" ಎಂದು ಕೂಗುತ್ತಲೇ ಬಂದು ನಿಲ್ಲುವವರು. ಈಗ ಒಬ್ಬರ ತುಟಿಯೂ ಅಲುಗಲಿಲ್ಲ. ಹೆಂಗಸರು ಬಿಳಿಯ ಸೆರಗಿನಲ್ಲಿ ಬಾಯಿ ಕಟ್ಟಿಕೊಂಡು ಬಂದು ಅಂಗಳದಲ್ಲಿ ಕೂತರು. ಕಾಯಿಸಿದ ನೀರು ಸುರಿಯುವ ಸದ್ದು ಮಾತ್ರ ಕೇಳುತ್ತಿತ್ತು.

ತೊಳೆಯಲು ನನ್ನ ಜೊತೆ ಬಂದವಳು ಹುರ್ಮತ್. ಅತ್ತೆಯ ಬೆನ್ನಿಗೆ ನೀರು ಹಾಕುತ್ತ, ತಲೆ ಎತ್ತದೆ ಪಿಸುಗುಟ್ಟಿದಳು.

"ಈರುಳ್ಳಿ ವಾಸ್ನೆ ಹೇಳ್ದೋಳು ನಾನೇ ಕಣೇ."

"ಗೊತ್ತು."

"ನಂದು ಮೂರ್ ಡಬ್ಬಿ. ಮೂರೂ ಇವತ್ತೇ ಹತ್ತವೆ."

"ಅದೂ ಗೊತ್ತು. ಕೈ ಹಿಡಿ, ಆ ಕಡೆ ತಿರುಗ್ಸು."

ಬಿಳಿಬಟ್ಟೆ ಸುತ್ತಿದೆವು. ಅತ್ತೆ ಏನೂ ಭಾರವಿರಲಿಲ್ಲ. ನಾಲ್ಕು ಜನ ಹೆಂಗಸರು ಜಮಖಾನೆಯ ನಾಲ್ಕು ಮೂಲೆ ಹಿಡಿದೆವು. ಸೋಬಿರ್ ಹಿಂದಿನ ಬಾಗಿಲ ಕಡೆ ಕೈ ತೋರಿಸಿದ. ತಲೆಯ ಕಡೆ ಇದ್ದವಳು ನಾನು. ಅಂಗಳದ ನಡುವೆ ಬಂದಾಗ ನನ್ನ ಕಾಲು ಎಡಕ್ಕೆ ತಿರುಗಿತು, ಒಲೆಯ ಕೋಣೆಯ ಕಡೆಗೆ. ಉಳಿದ ಮೂವರೂ ಜೊತೆಗೆ ತಿರುಗಿದರು.

ಸೋಬಿರ್ ಓಡಿ ಬಂದು ಬಾಗಿಲಿಗೆ ಅಡ್ಡ ಕೈ ಚಾಚಿ ನಿಂತ.

"ಒಳಗ್ ಹುಳ ಐತೆ ಕಣೇ ಲೌಡಿ! ಹುಳ ಐತೆ!"

ಆ ತಿಂಗಳು ನಮ್ಮ ಬೀದಿಯಲ್ಲಿ ಕೇಳಿಸಿದ ಮೊದಲ ಗಟ್ಟಿ ದನಿ ಅವನದೇ. ಕೂಗಿದ ಮೇಲೆ ತಾನೇ ಬೆಚ್ಚಿ ಬಾಯಿ ಮುಚ್ಚಿಕೊಂಡ.

"ಐತೆ ಸೋಬಿರಣ್ಣ," ಎಂದೆ. "ಇದು ಅವ್ರ್ ಮನೇನೂ ಹೌದು. ಜರುಗು."

ಅವನು ಜರುಗಲಿಲ್ಲ. ಹೆಬ್ಬಾಗಿಲಿಂದ ಎರ್ಗಾಶ್ ಬಂದ, ಅವನ ತೋಳು ಹಿಡಿದು ಪಕ್ಕಕ್ಕೆ ನಿಲ್ಲಿಸಿದ.

ಒಳಗೆ ಸೆಕೆ. ಕಿಟಕಿಯ ಕೆಳಗಿನ ಕಟ್ಟುಗಳಲ್ಲಿ ಹುಳುಗಳು ತೆಳ್ಳನೆಯ ಬಲೆಯೊಳಗೆ ತಲೆ ಆಡಿಸುತ್ತಿದ್ದವು. ಆ ಕಟ್ಟುಗಳನ್ನು ಬಾಚಿ ಬಾಚಿ ಅಂಗಳಕ್ಕೆ ಎಸೆದೆ. ನೆಲ ಗುಡಿಸಿ, ಕೌದಿ ಹಾಸಿ, ಅತ್ತೆಯನ್ನು ಅವಳ ಜಾಗದಲ್ಲಿ ಮಲಗಿಸಿದೆವು. ಪಕ್ಕದಲ್ಲಿ ಕೂತು ಬಾಯಿ ತೆರೆದೆ.

ದನಿ ಬರಲಿಲ್ಲ.

ಉಸಿರು ಎಳೆದೆ, ಎದೆ ಗುದ್ದಿಕೊಂಡೆ, ಗಂಟಲಲ್ಲಿ ಗಾಳಿ ಬಿಟ್ಟು ಏನೂ ಇಲ್ಲ. ಹದಿನೆಂಟು ವರ್ಷದ ಮೇ ತಿಂಗಳುಗಳೆಲ್ಲ ಅಲ್ಲಿ ಅಡ್ಡ ಕೂತಿದ್ದವು. ಅತ್ತೆಗೂ ಹೀಗೇ ಆಗಿದ್ದಿರಬೇಕು. ಕೊಟ್ಟ ಮಾತು ನನ್ನ ಬಾಯೊಳಗೇ ಸಾಯುತ್ತಿದೆ ಎಂದು ಹೆದರಿ ಅವಳ ಕಾಲು ಹಿಡಿದುಕೊಂಡೆ.

ಆಗ ನನ್ನ ಬೆನ್ನ ಹಿಂದೆ ಹುರ್ಮತ್ ಬಾಯಿಗೆ ಕಟ್ಟಿದ್ದ ಬಟ್ಟೆ ಕಿತ್ತಳು. ಅವಳ ಮೂರು ಡಬ್ಬಿಯ ಹುಳು ಅದೇ ಗೋಡೆಯ ಆಚೆ ಇತ್ತು.

"ಅವ್ವಾ! ಅಯ್ಯೋ ನನ್ನವ್ವಾ! ಬೂದಿ ಕುಡೀತಲ್ಲೇ ಅವ್ವಾ ನಿನ್ ಸಾರ್ನಾ!"

ಆ ಕೂಗಿಗೆ ನನ್ನ ಗಂಟಲು ಬಿಚ್ಚಿತು. ಅತ್ತೆಗಾಗಿ ಅತ್ತೆ, ಕಾಲುವೆಯಲ್ಲಿ ಹೋದ, ನಾನು ನೋಡದ ಅವಳ ಮಗನಿಗಾಗಿ ಅತ್ತೆ. ಅಂಗಳದ ಹೆಂಗಸರು ಒಬ್ಬೊಬ್ಬರಾಗಿ ಬಟ್ಟೆ ಕಿತ್ತರು. ಎರ್ಗಾಶ್ ಹೆಬ್ಬಾಗಿಲಿಗೆ ಮರಳಿ, ಕೋಲನ್ನು ನೆಲಕ್ಕೆ ಕುಟ್ಟಿ "ನನ್ನವ್ವಾ!" ಎಂದ. ಬೀದಿಯ ಅಷ್ಟೂ ಗಂಡಸರು ಕೂಗಿದರು, ತಮ್ಮ ತಮ್ಮ ಹುಳದ ಮನೆಗಳಿಗೆ ಕೇಳುವ ಹಾಗೆ.

ಅಂಗಳದಲ್ಲಿ ಸೋಬಿರ್ ಮಂಡಿಯೂರಿ, ಮಣ್ಣಲ್ಲಿ ಬಿದ್ದ ಹುಳುಗಳನ್ನು ಒಂದೊಂದೇ ಆಯ್ದು ಟೋಪಿಗೆ ಹಾಕಿಕೊಳ್ಳುತ್ತಿದ್ದ. ಅಟ್ಟಣೆಯ ಮೇಲೆ ಉಳಿದ ಹುಳುಗಳು ನೂಲುವುದನ್ನು ಬಿಟ್ಟು ತಲೆ ಎತ್ತಿದವು. ಮೊದಲು ಒಂದು ಕಟ್ಟು, ಆಮೇಲೆ ಅದರ ಪಕ್ಕದ್ದು, ಆಮೇಲೆ ಇಡೀ ಸಾಲು. ನಾವು ಅಳು ನಿಲ್ಲಿಸಲಿಲ್ಲ.