ಮಾವ ತಿದ್ದಿದ ಕಣ್ಣು

ನಮ್ಮ ಮಾವನ ಫೋಟೋ ಸ್ಟುಡಿಯೋದಲ್ಲಿ ಹತ್ತು ದಿನದಿಂದ ಒಂದೇ ಜಗಳ.

"ಪ್ರಿಂಟಲ್ಲಿ ಕೆಂಪು ಮಂಕಾಗಿದೆ ರೀ," ಎಂದು ಅತ್ತೆ.

"ಎರಡು ಸಲ ಇಂಕು ಬದಲಾಯಿಸಿದೆ. ಇನ್ನೇನು, ನನ್ನ ರಕ್ತ ಸುರೀಲಾ?" ಎಂದು ಮಾವ.

ಅಂದೂ ಹಾಗೇ ಜಗಳವಾಡುತ್ತಾ ಮಾವ, ಬಾಯಲ್ಲಿ ಸಿಗರೇಟು ಇಟ್ಟುಕೊಂಡು, ಅತ್ತೆಯ ಹೊಸ ಫೋಟೋವನ್ನು ಕಂಪ್ಯೂಟರಿನಲ್ಲಿ ತಿದ್ದುತ್ತಿದ್ದರು. ಫೋಟೋ ತೆಗೆಸಲು ಬಂದಿದ್ದ ಪಕ್ಕದ ಬೀದಿಯ ನರ್ಸ್ ಹಿಂದಿನಿಂದ ಇಣುಕಿದರು.

"ಅಣ್ಣಾ, ಕೈ ತೆಗೀರಿ! ಏನು ಮಾಡ್ತಿದೀರಿ?"

"ಕ್ಯಾಮೆರಾ ಕಂಡ್ರೆ ಇವಳು ಕಣ್ಣುಗುಡ್ಡೆ ಹೊರಗೆ ಹಾಕ್ತಾಳೆ. ಒಂದು ವರ್ಷದಿಂದ ನಾನೇ ಒಳಗೆ ಕೂರಿಸ್ತಿದೀನಿ."

"ನಿಮ್ಮನ್ನ ನೋಡೀ ನೋಡೀ ಹಾಗಾಗಿದೆ," ಎಂದರು ಅತ್ತೆ.

ನರ್ಸ್ ನಗಲಿಲ್ಲ. "ತಿದ್ದದೇ ಇರೋ ಫೋಟೋ ಇದ್ರೆ ತೋರಿಸಮ್ಮ," ಎಂದು ಅಂಗಡಿಯಲ್ಲಿ ಮಾವನಿಗೆ ನೆರವಾಗುವ ನನಗೆ ಹೇಳಿದರು. ನಾನು ಹಳೆಯದು, ಹೊಸದು ಎರಡನ್ನೂ ಪಕ್ಕಪಕ್ಕ ಇಟ್ಟೆ. ಹೊಸದರಲ್ಲಿ ಕಣ್ಣಿನ ಕರಿಗುಡ್ಡೆಗೂ ಮೇಲಿನ ರೆಪ್ಪೆಗೂ ನಡುವೆ ಬಿಳಿ ಕಾಣುತ್ತಿತ್ತು. ನಾನು ಅದನ್ನು ಮೊದಲೇ ನೋಡಿದ್ದೆ. ಹೇಳಲು ಬಾಯಿ ಬಂದಿರಲಿಲ್ಲ.

"ಅತ್ತಿಗೆ, ಎದೆ ಢವಢವ ಅನ್ನುತ್ತಾ? ತಿಂದ್ರೂ ಸೊರಗ್ತಿದೀರಾ?"

"ಹೂಂ ಸಿಸ್ಟರ್. ಕಣ್ಣಲ್ಲಿ ಮರಳು ಬಿದ್ದ ಹಾಗೆ. ಒಬ್ಬರು ಇಬ್ಬರಾಗಿ ಕಾಣ್ತಾರೆ."

"ಅಯ್ಯೋ, ಮೊನ್ನೆ ಇಬ್ಬರು ಗಿರಾಕಿ ಬಂದ್ರು ಅಂತ ಕೂಗಿದ್ಲು, ಹೋಗಿ ನೋಡಿದ್ರೆ ಒಬ್ಬನೇ!" ಮಾವ ನಕ್ಕರು.

ನರ್ಸ್ ಸ್ಟುಡಿಯೋದ ಕೆಂಪು ಪರದೆ ಎಳೆದು ಅತ್ತೆಯ ಎಡಗಣ್ಣು ಮುಚ್ಚಿದರು. "ಈಗ?"

"ಕೆಂಪು."

ಬಲಗಣ್ಣು ಮುಚ್ಚಿದರು. "ಈಗ?"

"ಇದರಲ್ಲಿ... ಒಗೆದು ಒಗೆದು ಮಾಸಿದ ಹಾಗಿದೆ."

ಮಾವನ ನಗು ನಿಂತಿತು.

"ಕುತ್ತಿಗೆಯಲ್ಲಿ ಥೈರಾಯ್ಡ್ ಗ್ರಂಥಿ ಇದೆ," ಎಂದರು ನರ್ಸ್. "ಕೆಲವರಲ್ಲಿ, ರೋಗದಿಂದ ಕಾಯಬೇಕಾದ ಮೈಯ ಶಕ್ತಿಯೇ ದಾರಿ ತಪ್ಪಿ ಅದರ ಮೇಲೆ ಬೀಳುತ್ತೆ. ಕಣ್ಣಿನ ಹಿಂದೆಯೂ ಊತ ಬರಿಸುತ್ತೆ, ಕಣ್ಣು ಮುಂದೆ ಬರುತ್ತೆ. ನರ ಒತ್ತಿದ್ರೆ ಬಣ್ಣ ಮಾಸುತ್ತೆ, ಆಮೇಲೆ ದೃಷ್ಟಿನೇ ಹೋಗಬಹುದು. ಅತ್ತಿಗೆಗೆ ಇದೇ ಆಗಿರೋ ಹಾಗೆ ಕಾಣ್ತಿದೆ. ಈಗಲೇ ಆಸ್ಪತ್ರೆಗೆ ಹೊರಡಿ!"

"ಅಲ್ಲಮ್ಮಾ, ಸಂಜೆ ಗಿರಾಕಿ..."

"ಇಂಕು ಬದಲಾಯಿಸಿದ ಹಾಗೆ ಕಣ್ಣು ಬದಲಾಯಿಸ್ತೀರಾ? ಆ ಸಿಗರೇಟೂ ಬಿಡಿ. ಹೊಗೆಯಿಂದ ಈ ಕಾಯಿಲೆ ಇನ್ನೂ ಕೆರಳುತ್ತೆ."

ಮಾವ ಅಂಗಡಿಯ ಬಾಗಿಲೆಳೆದರು. ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ, ಸ್ಕ್ಯಾನ್ ಆಯಿತು. ನರ್ಸ್ ಹೇಳಿದ್ದೇ ನಿಜವಾಯಿತು. ಅಂದೇ ದಾಖಲು ಮಾಡಿಕೊಂಡು ಇಂಜೆಕ್ಷನ್ ಶುರು ಮಾಡಿದರು. ಕೆಲವು ದಿನಗಳ ಮೇಲೆ ಅತ್ತೆಯ ಫೋನು: "ಲೇ, ಎದುರಿನ ಹಾಸಿಗೆಯವರ ಹೊದಿಕೆ ಕೆಂಪು ಕಣೇ! ಎರಡೂ ಕಣ್ಣಿಗೆ ಕೆಂಪು!" ನಾನು ಅಂಗಡಿಯಲ್ಲೇ ಕುಣಿದುಬಿಟ್ಟೆ. ಚಿಕಿತ್ಸೆ ಇನ್ನೂ ನಡೆದಿದೆ, ಕಣ್ಣಿನ ಉಬ್ಬು ಪೂರ್ತಿ ಇಳಿದಿಲ್ಲ. ಆದರೆ ದೃಷ್ಟಿ ಉಳಿಯಿತು.

ನಿಮ್ಮ ಮನೆಯಲ್ಲಿ ಯಾರ ಕಣ್ಣಾದರೂ ಉಬ್ಬಿದೆಯೇ? ಕೆಂಪಾಗಿ ನೀರು ಸುರಿಯುತ್ತಿದೆಯೇ? ಒಂದು ಎರಡಾಗಿ ಕಾಣುತ್ತಿದೆಯೇ? ಥೈರಾಯ್ಡ್ ಪರೀಕ್ಷೆ ಮಾಡಿಸಿ, ಕಣ್ಣಿನ ವೈದ್ಯರಿಗೂ ತೋರಿಸಿ. ಬಣ್ಣ ಮಾಸಿದರೆ, ನೋಟ ಮಂಜಾದರೆ ಅಂದೇ ಹೋಗಿ. ಮನೆಯವರ ಕಣ್ಣಲ್ಲಿ ನಿಮಗೆ ಕಂಡದ್ದನ್ನು ಸಂಕೋಚ ಬಿಟ್ಟು ಅವರಿಗೇ ಹೇಳಿ. ಇವತ್ತೇ ಹೇಳಿ.