ಸ್ವೆಟರ್ ಜೇಬಿನ ಕಲ್ಲು

"ಥೂ, ಇದೇನ್ ಮಗೂನೋ ಒಣ ಸೀಗಡಿನೋ? ಏನ್ ಹಾಕಿ ಸಾಕಿದೀಯೇ ಯಶೋದಾ?"

ಕೂಲಿ ಲೆಕ್ಕ ಬರೆಯುವ ರೈಟರ್ ಮಲ್ಲಿಕಾರ್ಜುನ ನನ್ನ ಮಗಳು ದೀಪಶ್ರೀಯ ತೋಳನ್ನು ಎರಡೇ ಬೆರಳಲ್ಲಿ ಎತ್ತಿ ನೋಡಿದ. ಎರಡು ವರ್ಷ ದಾಟಿದರೂ ಅವಳಿಗೆ ನಿಲ್ಲಲು ಬಾರದು.

"ನೀವ್ ಕೊಡ್ಸೋ ನುಚ್ಚಕ್ಕಿ ಹಾಕೇ ಸಾಕಿದೀನಿ ರೈಟ್ರೇ."

"ಬಾಯೊಂದ್ ಚೆನ್ನಾಗ್ ಬೆಳೆಸ್ಕಂಡಿದೀಯ."

ಅಂದು ಬಾಳೂರಿನ ನಮ್ಮ ಎಸ್ಟೇಟಿನ ಕಾಫಿ ಕಣದಲ್ಲಿ ಮಕ್ಕಳನ್ನು ತೂಗುವ ಸಂಭ್ರಮ. ಮೂಡಿಗೆರೆಯಿಂದ ಡಾಕ್ಟರಮ್ಮ ಬಂದಿದ್ದರು. ತೂಕ ತೀರಾ ಕಡಿಮೆ ಇದ್ದರೆ ಆಸ್ಪತ್ರೆಗೆ ಸೇರಿಸಿಕೊಂಡು ಹಾಲು, ಮೊಟ್ಟೆ, ಔಷಧಿ ಕೊಡುತ್ತಾರಂತೆ. ನನಗೆ ಬೇಕಿದ್ದದ್ದು ಅಷ್ಟೇ. ಆದರೆ ಸಾಹುಕಾರ್ ಜಯದೇವಪ್ಪನವರು ತಮ್ಮ ಕೂಲಿಯಾಳುಗಳ ಲೈನ್ ಮನೆಗಳಲ್ಲಿ ಹಸಿದ ಮಗು ಒಂದೂ ಇಲ್ಲವೆಂದು ಕ್ಲಬ್ಬಿನಲ್ಲಿ ಹೇಳಿ ಬಂದಿದ್ದರು. ಪಾಪ, ದೊಡ್ಡವರ ಮಾನದ ಪ್ರಶ್ನೆ!

ಹಾಗಾಗಿ ರೈಟರ್ ಬೆಳಿಗ್ಗೆಯೇ ಮಕ್ಕಳಿಗೆಲ್ಲ ಹಳೇ ಸ್ವೆಟರ್ ಹಂಚಿದ್ದ. ಜೇಬಿನ ತುಂಬ ಹೊಳೆಕಲ್ಲು. ಕಾಫಿ ಹಣ್ಣಿನ ಬುಟ್ಟಿಯಲ್ಲಿ ಒಂದು ಕಲ್ಲು ಸಿಕ್ಕರೆ ದಿನದ ಕೂಲಿಯನ್ನೇ ಹಿಡಿಯುವವನೂ ಇವನೇ.

"ತೆಗೆದ್ರೆ ನಾಳೆಯಿಂದ ಕೆಲ್ಸಕ್ಕೆ ಬರ್ಬೇಡಿ," ಎಂದಿದ್ದ.

ಮೊದಲು ತೂಗಿದ್ದು ಸಾಹುಕಾರರ ಮೊಮ್ಮಗ ಲಿಖಿತ್‌ನನ್ನು. ಬಾಯಲ್ಲಿ ಒಂದು, ಕೈಯಲ್ಲಿ ಒಂದು ಕ್ರೀಮ್ ಬಿಸ್ಕತ್ತು. ಹಣ್ಣು ತೂಗುವ ತಕ್ಕಡಿ ಕಿರ್ ಎಂದಿತು.

"ತೂಕ ವಿಪರೀತ ಆಯ್ತು, ಒಳ್ಳೇದಲ್ಲ," ಎಂದರು ಡಾಕ್ಟರಮ್ಮ.

"ನಮ್ ಮನೆತನಾನೇ ಹಾಗೆ!" ಸಾಹುಕಾರರು ಬೀಗಿದರು.

ನಮ್ಮ ಸರದಿ ಬಂತು.

"ಸ್ವೆಟರ್ ಬಿಚ್ಚಿ," ಎಂದರು ಡಾಕ್ಟರಮ್ಮ.

"ಬೇಡಿ ಡಾಕ್ಟ್ರೇ, ಮಕ್ಳಿಗೆ ಶೀತ ಆಗುತ್ತೆ," ಎಂದು ಸಾಹುಕಾರರು ಮರುಗಿದರು. ಎಂಥಾ ಕರುಳು!

ತಕ್ಕಡಿಗೆ ಕಟ್ಟಿದ ಜೋಲಿಯಲ್ಲಿ ಕೂರಿಸಿದ ದೀಪಶ್ರೀ ಕಲ್ಲಿನ ಭಾರಕ್ಕೆ ಒಂದು ಕಡೆ ವಾಲಿದಳು.

"ಪರವಾಗಿಲ್ಲ, ತೂಕ ಇದೆ. ಮುಂದಿನವ್ರು."

ಜೇಬಿಗೆ ಕೈಹಾಕಿ ಕಲ್ಲುಗಳನ್ನು ತೆಗೆದು ಮೇಜಿನ ಮೇಲೆ ಕುಕ್ಕಿದೆ.

"ಈಗ್ ತೂಗಿ ಅಮ್ಮಾ."

ತಕ್ಕಡಿಯ ಮುಳ್ಳು ಸರ್ರನೆ ಇಳಿಯಿತು. ಡಾಕ್ಟರಮ್ಮನ ಮುಖವೂ ಇಳಿಯಿತು.

"ಲೇ ಮುಂಡೆ, ಏನೇ ಮಾಡ್ದೆ!" ರೈಟರ್ ಹಲ್ಲು ಕಡಿದ.

"ಕಲ್ ಸಿಕ್ತು ರೈಟ್ರೇ. ಯಾರ್ ಕೂಲಿ ಹಿಡೀತೀರಿ?"

ಸಾಹುಕಾರರು ಕೆಮ್ಮಿದರು. "ಮಕ್ಳಲ್ವಾ ಡಾಕ್ಟ್ರೇ, ಆಟಕ್ಕೆ ಆಯ್ಕಂಡ್ ಬಂದಿರ್ತವೆ."

ನಿಲ್ಲಲಾರದ ನನ್ನ ಮಗಳು ಹೊಳೆಗೆ ಹೋಗಿ ಕಲ್ಲು ಆಯ್ದು ತಂದಳಂತೆ!

ಅಷ್ಟರಲ್ಲಿ ಪಕ್ಕದ ಲೈನ್ ಮನೆಯ ಅಂಜನಮ್ಮ ಮಗನನ್ನು ಎತ್ತಿಕೊಂಡು ಮುಂದೆ ಬಂದಳು. ಅವನ ಜೇಬಿಗೆ ಕೈಹಾಕಿದಳು.

"ನನ್ ಮಗಂದೂ ಸರಿಯಾಗ್ ತೂಗಿ."

ಅವಳ ಹಿಂದೆ ಮತ್ತೊಬ್ಬಳು. ಮೇಜು ಸಾಲದೆ ಕಲ್ಲುಗಳು ಕಣದ ನೆಲದ ಮೇಲೂ ಉರುಳತೊಡಗಿದವು.